ಬಣ್ಣವಲ್ಲ, ಹುರುಪೆ ನೋಡಿ: ಮಲಬಾರ್ ಗುಳಿಮಂಡಲವನ್ನು ಗುರುತಿಸಿ ವರ್ಗೀಕರಿಸುವ ಸಮಗ್ರ ಮಾರ್ಗದರ್ಶಿ

ಮಳೆಗಾಲ ಹಿಡಿದ ಮೇಲೆ ಆಗುಂಬೆ, ಕುದುರೆಮುಖ ಅಥವಾ ಕೊಡಗಿನ ಕಾಡಿನಲ್ಲಿ ರಾತ್ರಿ ಹೊತ್ತು ಹಳ್ಳದ ದಂಡೆಗುಂಟ ಟಾರ್ಚು ಹಿಡಿದು ನಡೆದರೆ, ಸೊಂಟದೆತ್ತರದ ಕೊಂಬೆಯೊಂದರ ಮೇಲೆ ಸುರುಳಿ ಸುತ್ತಿಕೊಂಡು ಅಲುಗಾಡದೆ ಕುಳಿತ ಹಾವೊಂದು ಕಾಣಸಿಗಬಹುದು. ಇವತ್ತು ಕಂಡದ್ದು ಪಾಚಿಯಂತೆ ಹಸಿರಾಗಿದ್ದರೆ, ನಾಳೆ ಹತ್ತು ಹೆಜ್ಜೆ ಆಚೆ ಕಂಡದ್ದು ತರಗೆಲೆಯಂತೆ ಕಂದಾಗಿರುತ್ತದೆ. ಮೂರನೆಯದು ಅರಿಶಿನದಂತೆ ಹಳದಿ. ಮೂರೂ ಬೇರೆ ಬೇರೆ ಜಾತಿಯ ಹಾವುಗಳೆಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಮೂರೂ ಒಂದೇ ಪ್ರಭೇದಕ್ಕೆ ಸೇರಿದ ಮಲಬಾರ್ ಗುಳಿಮಂಡಲಗಳು. ಮಲಬಾರ್ ಪಿಟ್ ವೈಪರ್ ಎಂಬ ಹೆಸರಿನಿಂದಲೇ ಹೆಚ್ಚು ಜನರಿಗೆ ಪರಿಚಿತವಾದ, ಪಶ್ಚಿಮ ಘಟ್ಟಗಳನ್ನು ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಹಾವು.

ಹಾವನ್ನು ಬಣ್ಣದಿಂದ ಗುರುತಿಸುವ ಅಭ್ಯಾಸ ನಮ್ಮಲ್ಲಿ ಬಹಳ ಆಳವಾಗಿ ಬೇರೂರಿದೆ. ನಾನೂ ಮೊದಲ ಎರಡು ಮಳೆಗಾಲ ಹಾಗೆಯೇ ಮಾಡಿದೆ. ಕಂದು ಬಣ್ಣದ ಗುಳಿಮಂಡಲವೊಂದನ್ನು ಕಂಡು, ಅದು ನೆಲದ ಮೇಲೆ ವಾಸಿಸುವ ಇನ್ನೊಂದು ಪ್ರಭೇದವೆಂದು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟೆ. ತಿಂಗಳುಗಳ ನಂತರ ಅದೇ ಫೋಟೊವನ್ನು ದೊಡ್ಡದು ಮಾಡಿ ತಲೆಯ ಮೇಲಿನ ಹುರುಪೆಗಳನ್ನು ನೋಡಿದಾಗ ಬರೆದದ್ದು ತಪ್ಪೆಂದು ತಿಳಿಯಿತು. ಆ ಬಳಿಕ ನಾನು ಅನುಸರಿಸುತ್ತ ಬಂದ ಕ್ರಮವನ್ನೇ ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಮಲಬಾರ್ ಗುಳಿಮಂಡಲವನ್ನು ಮುಂದಿಟ್ಟುಕೊಂಡು ಬರೆದಿದ್ದರೂ ಬೇರೆ ಹಾವುಗಳಿಗೂ ಇದೇ ದಾರಿ ಅನ್ವಯಿಸುತ್ತದೆ.

ಹೊರಡುವ ಮುನ್ನ

ಇದು ವಿಷದ ಹಾವು. ಕಚ್ಚಿದರೆ ಸಾಮಾನ್ಯವಾಗಿ ತೀವ್ರವಾದ ನೋವು ಮತ್ತು ಬಾವು ಬರುತ್ತವೆ. ಪ್ರಾಣಕ್ಕೆ ಎರವಾಗುವುದು ವಿರಳ. ಆದರೆ ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಪ್ರತಿವಿಷ ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷದಿಂದ. ಗುಳಿಮಂಡಲಗಳ ವಿಷಕ್ಕೆ ಅದನ್ನು ನೆಚ್ಚುವಂತಿಲ್ಲ. ಈ ಹಾವಿನ ಹತ್ತಿರದ ನೆಂಟನೇ ಆದ, ಮೂಗಿನ ತುದಿ ಮೇಲೆದ್ದಿರುವ ಹಂಪ್‌ನೋಸ್ಡ್ ಪಿಟ್ ವೈಪರ್ ಕಚ್ಚಿದಾಗ ಕೆಲವರಲ್ಲಿ ರಕ್ತ ಹೆಪ್ಪುಗಟ್ಟುವ ಶಕ್ತಿಯೇ ಕುಂದಿ, ಮೂತ್ರಪಿಂಡಕ್ಕೆ ಹಾನಿಯಾದ ಪ್ರಕರಣಗಳು ಕೇರಳ ಮತ್ತು ಶ್ರೀಲಂಕಾದಲ್ಲಿ ದಾಖಲಾಗಿವೆ. ಅದನ್ನು ಗರಗಸ ಮಂಡಲವೆಂದು ತಪ್ಪಾಗಿ ತಿಳಿದು, ಫಲ ಕೊಡದ ಪ್ರತಿವಿಷವನ್ನು ಕೊಟ್ಟದ್ದೂ ಉಂಟು. ಸರಿಯಾಗಿ ಗುರುತಿಸುವುದು ಪುಸ್ತಕಪ್ರಿಯರ ಹವ್ಯಾಸ ಮಾತ್ರವಲ್ಲ ಎಂದು ನಾನು ನಂಬಿರುವುದು ಈ ಕಾರಣಕ್ಕೆ.

ಕಾಲಿಗೆ ಗಂಬೂಟು, ತಲೆಗೆ ಹೆಡ್‌ಲ್ಯಾಂಪು, ಜೊತೆಗೆ ಒಬ್ಬರಾದರೂ ಸಂಗಡಿಗರು ಇರಬೇಕು. ಹಾವಿನಿಂದ ಎರಡು ಮೀಟರ್ ದೂರವನ್ನು ಎಂದೂ ಮುರಿಯಬಾರದು. ದೊಡ್ಡ ಗುಳಿಮಂಡಲ ಒಂದು ಮೀಟರಿನಷ್ಟು ಉದ್ದವಿರಬಹುದಾದ್ದರಿಂದ, ಅದು ಮೈ ಚಾಚಿ ಎರಗಿದರೂ ಮುಟ್ಟದ ದೂರ ಅದು. ಮಲೆನಾಡಿನಲ್ಲಿ ಓಡಾಡುವವರಿಗೆ ಇನ್ನೊಂದು ಮಾತು ಹೇಳಲೇಬೇಕು: ಉಂಬಳ ಕಿತ್ತು ಬಿಸಾಡಲು ಬಗ್ಗುವಾಗ ಮೊದಲು ಸುತ್ತಲಿನ ಕೊಂಬೆಗಳ ಮೇಲೆ ಬೆಳಕು ಹಾಯಿಸಿ, ಆಮೇಲೆ ಬಗ್ಗಿ. ಜಾರಿದಾಗ ಆಸರೆಗೆಂದು ನೋಡದೆ ಬಳ್ಳಿಯನ್ನೋ ಗಿಡವನ್ನೋ ಹಿಡಿಯುವುದು ಎಲ್ಲಕ್ಕಿಂತ ಅಪಾಯ. ಅಕಸ್ಮಾತ್ ಕಚ್ಚಿದರೆ ಉಂಗುರ, ಗಡಿಯಾರ ತೆಗೆದು, ಕಚ್ಚಿದ ಅಂಗವನ್ನು ಅಲುಗಿಸದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಹಾವನ್ನು ಹಿಡಿದು ವೈದ್ಯರಿಗೆ ತೋರಿಸುವ ಅಗತ್ಯವೂ ಇಲ್ಲ, ದೂರದಿಂದ ತೆಗೆದ ಒಂದು ಫೋಟೊ ಸಾಕು.

ಕಾಯ್ದಿಟ್ಟ ಅರಣ್ಯ ಅಥವಾ ಅಭಯಾರಣ್ಯಕ್ಕೆ ರಾತ್ರಿ ಹೊತ್ತು ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹಾವು ಹಿಡಿಯುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡಬರುತ್ತದೆ. ಈ ಮಾರ್ಗದರ್ಶಿಯ ಯಾವ ಹಂತದಲ್ಲೂ ಜೀವಂತ ಹಾವನ್ನು ಮುಟ್ಟಬೇಕಾಗಿಲ್ಲ.

ಹಂತ 1: ಎಲ್ಲಿ, ಯಾವಾಗ ಹುಡುಕಬೇಕು

ಮಹಾರಾಷ್ಟ್ರದ ದಕ್ಷಿಣ ಭಾಗ, ಗೋವಾ, ಕರ್ನಾಟಕ ಮತ್ತು ಅಲ್ಲಿಂದ ಕೆಳಕ್ಕೆ ಘಟ್ಟದ ಹಸಿರು ಕಾಡುಗಳೇ ಇದರ ನೆಲೆ. ಹಳೆಯ ಪುಸ್ತಕಗಳಲ್ಲಿ 600ರಿಂದ 2000 ಮೀಟರ್ ಎತ್ತರದ ಹಾವೆಂದು ಬರೆದಿದ್ದರೂ, ಗೋವಾದ ತಗ್ಗಿನ ಕಾಡುಗಳಲ್ಲಿಯೂ ಇದು ಕಾಣಸಿಗುತ್ತದೆ. ಹರಿಯುವ ನೀರು, ಅದರ ಮೇಲೆ ಬಾಗಿದ ಕೊಂಬೆಗಳು, ಪಾಚಿ ಹಿಡಿದ ಬಂಡೆ, ಬಿದ್ದ ಮರ, ಇವು ಇರುವಲ್ಲಿ ಹುಡುಕಬೇಕು. ಕಾಡಿಗೆ ತಾಗಿದ ಏಲಕ್ಕಿ ಮತ್ತು ಕಾಫಿ ತೋಟಗಳಲ್ಲಿಯೂ, ಹಳ್ಳದ ಪಕ್ಕದ ಅಡಿಕೆ ತೋಟದ ಅಗಳಿನಲ್ಲಿಯೂ ಇದು ಇರುತ್ತದೆ.

ಇದು ಬೇಟೆಯನ್ನು ಅಟ್ಟಿಕೊಂಡು ಹೋಗುವ ಹಾವಲ್ಲ, ಕಾದು ಕುಳಿತು ಹಿಡಿಯುವ ಹಾವು. ಕಪ್ಪೆ, ಹಲ್ಲಿ, ಸಣ್ಣ ಇಲಿ, ಕೆಲವೊಮ್ಮೆ ಹಕ್ಕಿ ಇದರ ಆಹಾರ. ಮಳೆಗಾಲದಲ್ಲಿ ಕಪ್ಪೆಗಳೆಲ್ಲ ಹಳ್ಳದ ಬದಿಗೆ ಸೇರುವುದರಿಂದ ಗುಳಿಮಂಡಲವೂ ಅಲ್ಲಿಗೆ ಬರುತ್ತದೆ. ಒಮ್ಮೆ ಒಳ್ಳೆಯ ಜಾಗ ಸಿಕ್ಕಿತೆಂದರೆ ದಿನಗಟ್ಟಲೆ ಅದೇ ಕೊಂಬೆಯಲ್ಲಿಯೇ ಇರುವುದುಂಟು. ಆದ್ದರಿಂದ ಮೊದಲ ರಾತ್ರಿ ಫೋಟೊ ಸರಿಯಾಗಿ ಬರಲಿಲ್ಲವೆಂದು ಹತ್ತಿರ ನುಗ್ಗಬೇಕಾಗಿಲ್ಲ. ಮರುದಿನ ಬಂದರೆ ಅಲ್ಲಿಯೇ ಸಿಗುವ ಸಾಧ್ಯತೆ ಹೆಚ್ಚು.

ಹಂತ 2: ಮುಟ್ಟದೆ ಸಾಕ್ಷ್ಯ ಸಂಗ್ರಹಿಸುವುದು

ಹೆಚ್ಚಿನವರು ಹಾವಿನ ಇಡೀ ಮೈ ಕಾಣುವ ಒಂದೇ ಒಂದು ಸುಂದರವಾದ ಫೋಟೊ ತೆಗೆದು ಬರುತ್ತಾರೆ. ಗುರುತಿಸುವ ಕೆಲಸಕ್ಕೆ ಅದೊಂದೇ ಸಾಲದು. ತಲೆಯನ್ನು ನೇರ ಪಕ್ಕದಿಂದ ತೆಗೆದ, ಮೂಗಿನ ಹೊಳ್ಳೆಯಿಂದ ಕಣ್ಣಿನವರೆಗಿನ ಭಾಗ ಸ್ಪಷ್ಟವಾಗಿರುವ ಫೋಟೊ ಮೊದಲು ಬೇಕು. ಎರಡನೆಯದಾಗಿ, ತಲೆಯ ನೆತ್ತಿ ಕಾಣುವಂತೆ ಸ್ವಲ್ಪ ಎತ್ತರದಿಂದ ತೆಗೆದದ್ದು. ದಂಡೆಯ ಏರಿನ ಮೇಲೆ ನಿಂತರೆ ಇದು ಸುಲಭ. ಮೈಯ ನಡುಭಾಗದ ಹುರುಪೆಗಳು ಎಣಿಸುವಷ್ಟು ಸ್ಪಷ್ಟವಾಗಿರುವ ಫೋಟೊ, ಬಾಲ ಕೊಂಬೆಯನ್ನು ಹಿಡಿದಿರುವ ರೀತಿ, ಕೊನೆಗೆ ಹಾವು ಕುಳಿತ ಜಾಗವೆಲ್ಲ ಕಾಣುವ ಅಗಲವಾದ ಚಿತ್ರ, ಇವೂ ಸೇರಿದರೆ ಸಾಕ್ಷ್ಯ ಪೂರ್ಣವಾಗುತ್ತದೆ. ಜೂಮ್ ಇರುವ ಕ್ಯಾಮೆರಾ ಇಲ್ಲದವರು ಮೊಬೈಲನ್ನು ಹಾವಿನ ಮುಖದ ಬಳಿ ಹಿಡಿಯುವ ಸಾಹಸ ಮಾಡಬಾರದು. ದೂರದಿಂದ ತೆಗೆದು ಆಮೇಲೆ ಕತ್ತರಿಸಿಕೊಳ್ಳಬಹುದು.

ಬೆಳಕನ್ನು ನೇರ ಎದುರಿನಿಂದ ಬಿಡದೆ ಪಕ್ಕದಿಂದ ಬಿಟ್ಟರೆ ಹುರುಪೆಗಳ ಅಂಚು ಮತ್ತು ಏಣು ಎದ್ದು ಕಾಣುತ್ತವೆ. ಅಳತೆಗಾಗಿ ಹಾವಿನ ಪಕ್ಕ ನಾಣ್ಯವನ್ನೋ ಕೋಲನ್ನೋ ಇಡಲು ಹೋಗಬೇಡಿ. ಅದು ಕುಳಿತ ಕೊಂಬೆಯಲ್ಲಿನ ಒಂದು ಎಲೆಯನ್ನು ಗುರುತಿಟ್ಟುಕೊಂಡು, ಹಾವು ಅಲ್ಲಿಂದ ಹೋದ ಮೇಲೆ ಆ ಎಲೆಯನ್ನು ಅಳೆದು, ಫೋಟೊದಲ್ಲಿ ಹೋಲಿಸಿಕೊಂಡರೆ ಅಂದಾಜು ಸಾಕಷ್ಟು ಸರಿಯಾಗಿ ಸಿಗುತ್ತದೆ. ಭಂಗಿಗಾಗಿ ಕೋಲಿನಿಂದ ತಿವಿಯುವವರನ್ನು ಕಂಡಿದ್ದೇನೆ. ರಾತ್ರಿಯಿಡೀ ಒಂದೇ ಕಪ್ಪೆಗಾಗಿ ಕಾದಿದ್ದ ಜೀವಿಯ ಜಾಗವನ್ನು ಹಾಗೆ ಕೆಡಿಸುವುದು ನನಗೆ ಸಂಕಟದ ವಿಷಯ.

ಹಂತ 3: ಇದು ಗುಳಿಮಂಡಲವೇ ಅಲ್ಲವೇ

ಈಗ ಮನೆಗೆ ಬಂದು ಫೋಟೊಗಳನ್ನು ತೆರೆದು ಕೂತಿದ್ದೀರಿ ಎಂದುಕೊಳ್ಳೋಣ. ಬಣ್ಣವನ್ನು ಪೂರ್ತಿ ಮರೆತುಬಿಡಿ. ಸಾಧ್ಯವಾದರೆ ಫೋಟೊವನ್ನು ಕಪ್ಪು ಬಿಳುಪಿಗೆ ಬದಲಿಸಿಕೊಳ್ಳಿ. ಕಲಿಯುವ ಹಂತದಲ್ಲಿ ಇದರಿಂದ ನನಗೆ ಬಹಳ ಉಪಯೋಗವಾಯಿತು.

ತ್ರಿಕೋನದ ತಲೆ, ಸಣ್ಣ ಕುತ್ತಿಗೆ, ಬೆಕ್ಕಿನ ಕಣ್ಣಿನಂತೆ ಸೀಳಿದ ಪಾಪೆ ಇದ್ದರೆ ಮಂಡಲದ ಹಾವು ಎಂಬ ಸೂತ್ರ ಎಲ್ಲರ ಬಾಯಲ್ಲೂ ಇದೆ. ಆದರೆ ಅದನ್ನು ಅಷ್ಟಕ್ಕೇ ನಂಬಿದರೆ ಕಾಡಿನಲ್ಲಿ ಮೊದಲು ಮೋಸಗೊಳಿಸುವುದು ಬೆಕ್ಕುಗಣ್ಣಿನ ಹಾವುಗಳು. ಬೊಯಿಗಾ ಎಂಬ ಕುಲಕ್ಕೆ ಸೇರಿದ ಅವುಗಳಿಗೂ ಅಗಲವಾದ ತಲೆ, ಸಪುರ ಕುತ್ತಿಗೆ, ಸೀಳು ಪಾಪೆ ಇವೆ. ಅವೂ ರಾತ್ರಿಯೇ ಮರದ ಮೇಲೆ ಓಡಾಡುತ್ತವೆ. ವ್ಯತ್ಯಾಸವಿರುವುದು ನೆತ್ತಿಯಲ್ಲಿ. ಬೆಕ್ಕುಗಣ್ಣಿನ ಹಾವಿನ ನೆತ್ತಿಯ ಮೇಲೆ ಹೆಂಚು ಜೋಡಿಸಿದಂತೆ ಕೆಲವೇ ದೊಡ್ಡ ಫಲಕಗಳಿರುತ್ತವೆ. ಮಲಬಾರ್ ಗುಳಿಮಂಡಲದ ನೆತ್ತಿಯ ತುಂಬ ಮೈ ಮೇಲಿನಂಥವೇ ಚಿಕ್ಕ ಚಿಕ್ಕ ಹುರುಪೆಗಳು. ಜೊತೆಗೆ, ಬೆಕ್ಕುಗಣ್ಣಿನ ಹಾವಿನ ಬೆನ್ನಹುರಿಯ ಸಾಲಿನ ಹುರುಪೆಗಳು ಅಕ್ಕಪಕ್ಕದವಕ್ಕಿಂತ ದೊಡ್ಡವಾಗಿರುತ್ತವೆ, ಗುಳಿಮಂಡಲದಲ್ಲಿ ಹಾಗಿಲ್ಲ.

ಇನ್ನು ಗುಳಿ. ತಲೆಯನ್ನು ಪಕ್ಕದಿಂದ ತೆಗೆದ ಫೋಟೊವನ್ನು ಪರದೆಯ ತುಂಬ ದೊಡ್ಡದು ಮಾಡಿ. ಮುಂತುದಿಯಲ್ಲಿ ಮೂಗಿನ ಹೊಳ್ಳೆ, ಹಿಂದೆ ಕಣ್ಣು. ಇವೆರಡರ ನಡುವೆ, ಎರಡನ್ನೂ ಕೂಡಿಸುವ ಗೆರೆಗಿಂತ ತುಸು ಕೆಳಗೆ, ಹೊಳ್ಳೆಗಿಂತ ದೊಡ್ಡದಾದ, ಒಳಗೆ ಕತ್ತಲು ತುಂಬಿದ ಕುಳಿಯೊಂದು ಕಾಣುತ್ತದೆ. ಅದನ್ನು ಒಮ್ಮೆ ಕಣ್ಣಾರೆ ಕಂಡವರು ಮತ್ತೆ ಮರೆಯುವುದಿಲ್ಲ. ನಾಲ್ಕು ಹೊಳ್ಳೆಯ ಹಾವೋ ಎನ್ನುವಂತಿರುತ್ತದೆ. ಆ ಕುಳಿಯ ಒಳಗೆ ನರಗಳಿಂದ ತುಂಬಿದ ತೆಳುವಾದ ಪೊರೆಯೊಂದು ಅಡ್ಡಲಾಗಿ ಹಬ್ಬಿರುತ್ತದೆ. ಬಿಸಿರಕ್ತದ ಪ್ರಾಣಿ ಎದುರಿಗೆ ಬಂದಾಗ ಅದರ ಮೈಯ ಶಾಖವನ್ನು ಆ ಪೊರೆ ಗ್ರಹಿಸುತ್ತದೆ. ಎರಡೂ ಕಡೆಯ ಗುಳಿಗಳು ಸೇರಿ, ಕತ್ತಲಲ್ಲೂ ಹಾವಿಗೆ ಬೇಟೆ ಇರುವ ದಿಕ್ಕನ್ನು ತಿಳಿಸುತ್ತವೆ. ಈ ಗುಳಿ ಇದ್ದರೆ ನಿಮ್ಮ ಹಾವು ಗುಳಿಮಂಡಲಗಳ ಉಪಕುಟುಂಬವಾದ ಕ್ರೊಟಾಲಿನೆಗೆ ಸೇರಿದ್ದು, ಬೇರೆ ಮಾತಿಲ್ಲ. ಕೊಳಕುಮಂಡಲ ಮತ್ತು ಗರಗಸ ಮಂಡಲಗಳೂ ಮಂಡಲಗಳೇ ಆದರೂ ಅವುಗಳಿಗೆ ಈ ಗುಳಿ ಇಲ್ಲ. ಅವು ವೈಪರಿನೆ ಎಂಬ ಇನ್ನೊಂದು ಉಪಕುಟುಂಬದವು.

ಹಸಿರುಬಳ್ಳಿ ಹಾವನ್ನು ಹಸಿರು ಗುಳಿಮಂಡಲವೆಂದು ತಿಳಿದು ಕೊಲ್ಲುವುದೂ ಇದೆ. ಅದರ ಮೈ ದಾರದಂತೆ ಸಪುರ, ಮೂತಿ ಚೂಪು, ಕಣ್ಣಿನ ಪಾಪೆ ಅಡ್ಡಡ್ಡಲಾಗಿ ಸೀಳಿದ್ದು. ಒಂದೇ ನೋಟಕ್ಕೆ ಬೇರ್ಪಡಿಸಬಹುದು.

ಹಂತ 4: ಯಾವ ಗುಳಿಮಂಡಲ

ಕರ್ನಾಟಕದ ಘಟ್ಟದಲ್ಲಿ ನಿಜವಾದ ಗೊಂದಲ ಮೂರು ಹಾವುಗಳ ನಡುವಿನದು: ಮಲಬಾರ್ ಗುಳಿಮಂಡಲ, ಬಿದಿರು ಮಂಡಲ ಎಂದು ಕರೆಯುವ ಬ್ಯಾಂಬೂ ಪಿಟ್ ವೈಪರ್, ಮತ್ತು ಆಗಲೇ ಹೇಳಿದ ಹಂಪ್‌ನೋಸ್ಡ್. ನೀಲಗಿರಿಯ ಎತ್ತರದ ಶೋಲಾ ಹುಲ್ಲುಗಾವಲುಗಳ ಹಾರ್ಸ್‌ಶೂ ಪಿಟ್ ವೈಪರ್, ಪಾಲಕ್ಕಾಡ್ ಕಣಿವೆಯ ದಕ್ಷಿಣದ ಬೆಟ್ಟಗಳಲ್ಲಿರುವ ದೊಡ್ಡ ಹುರುಪೆಯ ಲಾರ್ಜ್‌ಸ್ಕೇಲ್ಡ್ ಪಿಟ್ ವೈಪರ್ ಮುಂತಾದವು ನಮ್ಮ ಮಲೆನಾಡಿನಲ್ಲಿ ಎದುರಾಗುವುದಿಲ್ಲ. ಹಾವು ಸಿಕ್ಕ ಊರನ್ನು ಕೇಳದೆ ಹೆಸರು ಹೇಳುವವರ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ; ನೆಲೆಯೂ ಗುರುತಿನ ಒಂದು ಭಾಗವೇ.

ಹಂಪ್‌ನೋಸ್ಡ್ ಅನ್ನು ಮೊದಲು ಬೇರ್ಪಡಿಸೋಣ. ಅದು ಗಿಡ್ಡ, ದಪ್ಪ. ಸಾಮಾನ್ಯವಾಗಿ ಅರ್ಧ ಮೀಟರಿಗಿಂತ ಕಡಿಮೆ ಉದ್ದ. ತರಗೆಲೆಯ ಮೇಲೆ ನೆಲದಲ್ಲಿಯೇ ಹೆಚ್ಚು. ಮೂತಿಯ ತುದಿ ಮೇಲಕ್ಕೆ ತಿರುಗಿ ಸಣ್ಣ ಗೂನಿನಂತಿರುತ್ತದೆ. ಅದರ ನೆತ್ತಿಯನ್ನು ಗಮನಿಸಿದರೆ, ಮೂತಿಯ ಮೇಲೆ ಚಿಕ್ಕ ಹುರುಪೆಗಳಿದ್ದು ಹಿಂದೆ, ಕಣ್ಣುಗಳ ನಡುವೆ ಮತ್ತು ಅದರಾಚೆ, ದೊಡ್ಡ ಫಲಕಗಳಿರುತ್ತವೆ. ನಾನು ತಪ್ಪಾಗಿ ಬರೆದ ಆ ಕಂದು ಹಾವಿನ ಫೋಟೊದಲ್ಲಿ ಈ ಫಲಕಗಳು ಇರಲೇ ಇಲ್ಲ. ನೆತ್ತಿಯ ತುಂಬ ರಾಗಿ ಚೆಲ್ಲಿದಂತೆ ಸಣ್ಣ ಹುರುಪೆಗಳಿದ್ದವು. ಬಾಲವೂ ಅದನ್ನೇ ಹೇಳುತ್ತಿತ್ತು. ಅದು ತನ್ನ ಬಾಲವನ್ನು ಸಣ್ಣ ರೆಂಬೆಗೆ ಎರಡು ಸುತ್ತು ಸುತ್ತಿ ಹಿಡಿದಿತ್ತು. ಹೀಗೆ ಹಿಡಿಯಬಲ್ಲ ಬಾಲ ಮರದ ಮೇಲೆ ಬದುಕುವ ಗುಳಿಮಂಡಲಗಳ ಲಕ್ಷಣ. ಹಂಪ್‌ನೋಸ್ಡ್‌ನ ಗಿಡ್ಡ ಬಾಲಕ್ಕೆ ಬೇರೆಯೇ ಕೆಲಸವಿದೆ: ಮರಿ ಹಾವು ಅದರ ತಿಳಿಬಣ್ಣದ ತುದಿಯನ್ನು ಹುಳುವಿನಂತೆ ಆಡಿಸಿ ಕಪ್ಪೆ, ಹಲ್ಲಿಗಳನ್ನು ಹತ್ತಿರಕ್ಕೆ ಸೆಳೆಯುತ್ತದೆ.

ಬಿದಿರು ಮಂಡಲ ಮತ್ತು ಹಸಿರು ಬಣ್ಣದ ಮಲಬಾರ್ ಗುಳಿಮಂಡಲವನ್ನು ಬೇರ್ಪಡಿಸುವುದು ಹೆಚ್ಚು ಕಷ್ಟ. ಎರಡಕ್ಕೂ ಗುಳಿ ಇದೆ, ಹಿಡಿಯುವ ಬಾಲವಿದೆ, ನೆತ್ತಿಯ ಮೇಲೆ ಚಿಕ್ಕ ಹುರುಪೆಗಳಿವೆ. ಇಲ್ಲಿ ನೋಡಬೇಕಾದದ್ದು ವಿನ್ಯಾಸ. ಮಲಬಾರಿನ ಬೆನ್ನಿನುದ್ದಕ್ಕೂ, ಯಾವುದೇ ಬಣ್ಣದ್ದಾಗಿರಲಿ, ಗಾಢವಾದ ಮಚ್ಚೆಗಳು ಸಾಲಾಗಿದ್ದು ಅಲ್ಲಲ್ಲಿ ಒಂದಕ್ಕೊಂದು ಕೂಡಿಕೊಂಡು ಅಂಕುಡೊಂಕಾದ ಪಟ್ಟಿಯಾಗುತ್ತವೆ. ಕಣ್ಣಿನ ಹಿಂದಿನಿಂದ ದವಡೆಯ ಮೂಲೆಯ ಕಡೆಗೆ ಗಾಢ ಗೆರೆಯೊಂದು ಸಾಮಾನ್ಯವಾಗಿ ಇರುತ್ತದೆ. ಬಿದಿರು ಮಂಡಲದ ಬೆನ್ನು ಬಹುಮಟ್ಟಿಗೆ ಒಂದೇ ಹಸಿರು, ಹೊಟ್ಟೆಯ ಅಂಚಿನಲ್ಲಿ ತಿಳಿಯಾದ ಗೆರೆ ಕಾಣಬಹುದು. ಅದು ಬಿದಿರು ಮೆಳೆಗಳಿರುವ, ಸ್ವಲ್ಪ ಒಣ ಕಾಡುಗಳಲ್ಲಿಯೂ ಇದ್ದು, ಪೂರ್ವ ಘಟ್ಟದವರೆಗೂ ಹಬ್ಬಿದೆ. ಮಚ್ಚೆ ಮಸುಕಾಗಿರುವ ಮಲಬಾರ್ ಮತ್ತು ಮಚ್ಚೆಯ ಛಾಯೆಯಿರುವ ಬಿದಿರು ಮಂಡಲ ಎರಡೂ ಇರುವುದರಿಂದ, ಒಂದೇ ಫೋಟೊ ನೋಡಿ ತೀರ್ಪು ಕೊಡಲು ಅವಸರಪಡಬಾರದು. ಅನುಮಾನವಿದ್ದಲ್ಲಿ "ಹಸಿರು ಗುಳಿಮಂಡಲ, ಪ್ರಭೇದ ಖಚಿತವಿಲ್ಲ" ಎಂದು ಬರೆಯುವುದು ತಪ್ಪು ಹೆಸರು ಬರೆಯುವುದಕ್ಕಿಂತ ಎಷ್ಟೋ ಮೇಲು.

ಮಲಬಾರಿನ ಬಣ್ಣಗಳ ಬಗೆಗೆ ಒಂದು ಮಾತು. ಹಸಿರು, ಕಂದು, ಹಳದಿ, ಕಿತ್ತಳೆ, ಬೂದು ಕೂಡಿದ ಪಾಚಿ ಬಣ್ಣ, ಇಷ್ಟೂ ಇವೆ. ಗಂಡು ಹೆಣ್ಣಿನ ಭೇದ ಅದಲ್ಲ. ಒಂದೇ ಹಳ್ಳದಲ್ಲಿ ಬೇರೆ ಬೇರೆ ಬಣ್ಣದವು ಒಟ್ಟಿಗೆ ವಾಸಿಸುತ್ತವೆ. ಹೆಣ್ಣನ್ನು ಊಹಿಸಲು ಬಣ್ಣಕ್ಕಿಂತ ಗಾತ್ರ ನೆರವಾಗುತ್ತದೆ. ಹೆಣ್ಣು ಗಂಡಿಗಿಂತ ದೊಡ್ಡದು. ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುತ್ತದೆ.

ಹಂತ 5: ಪೊರೆಯ ಮೇಲೆ ಹುರುಪೆ ಎಣಿಸುವುದು

ಹಾವನ್ನು ಮುಟ್ಟದೆ ಹುರುಪೆ ಎಣಿಸುವ ಅವಕಾಶವನ್ನು ಹಾವೇ ಬಿಟ್ಟು ಹೋಗುತ್ತದೆ. ತೋಟದ ಧರೆಯ ಕಲ್ಲುಸಂದಿಯಲ್ಲೋ ಮನೆಯ ಹಿಂದಿನ ಸೌದೆ ಕೊಟ್ಟಿಗೆಯಲ್ಲೋ ಸಿಕ್ಕ ಪೊರೆ ಕಲಿಕೆಗೆ ಅಮೂಲ್ಯ ಸಾಮಗ್ರಿ. ರಕ್ಷಿತ ಅರಣ್ಯದಿಂದ ಮಾತ್ರ ಪೊರೆಯನ್ನೂ ತರಬಾರದು. ಅಲ್ಲಿಯೇ ಫೋಟೊ ತೆಗೆದು ಬಿಟ್ಟುಬರಬೇಕು.

ಒಣಗಿ ಮಡಚಿಕೊಂಡ ಪೊರೆಯನ್ನು ಅಗಲವಾದ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ನೆನೆಸಿ. ಮೆತ್ತಗಾದ ಮೇಲೆ ಕಪ್ಪು ಬಟ್ಟೆಯ ಮೇಲೆ ಹರಡಿದರೆ ಹುರುಪೆಗಳ ಅಂಚು ಸ್ಪಷ್ಟವಾಗುತ್ತದೆ. ಹಾವು ಪೊರೆ ಬಿಡುವಾಗ ಕಾಲುಚೀಲ ಕಳಚಿದ ಹಾಗೆ ಅದು ಒಳಹೊರಗಾಗಿರುತ್ತದೆ ಎಂಬುದು ನೆನಪಿರಲಿ. ಹಿಗ್ಗಿದ್ದೂ ಇರುವುದರಿಂದ ಪೊರೆಯ ಉದ್ದ ಹಾವಿನ ಉದ್ದವಲ್ಲ.

ಕುತ್ತಿಗೆಗೂ ಗುದದ್ವಾರಕ್ಕೂ ನಡುವಿನ ಮಧ್ಯಬಿಂದುವನ್ನು ದಾರದಿಂದ ಅಳೆದು ಗುರುತು ಮಾಡಿಕೊಳ್ಳಿ. ಅಲ್ಲಿ ಹೊಟ್ಟೆಯ ಅಡ್ಡಪಟ್ಟಿಗೆ ತಾಗಿಕೊಂಡಿರುವ ಹುರುಪೆಯಿಂದ ಆರಂಭಿಸಿ, ಓರೆಯಾಗಿ ಬೆನ್ನಿನವರೆಗೆ ಏರಿ, ಆಚೆ ಬದಿಯಲ್ಲಿ ಓರೆಯಾಗಿ ಇಳಿದು, ಮತ್ತೆ ಹೊಟ್ಟೆಪಟ್ಟಿ ಮುಟ್ಟುವವರೆಗೆ ಎಣಿಸಬೇಕು. ಹೊಟ್ಟೆಪಟ್ಟಿ ಲೆಕ್ಕಕ್ಕೆ ಸೇರುವುದಿಲ್ಲ. ಹುರುಪೆಗಳು ಒಂದರ ಮೇಲೊಂದು ಓರೆಯಾಗಿ ಜೋಡಿಸಿರುವುದರಿಂದ ನೇರ ಎಣಿಸಲು ಹೋದರೆ ಸಾಲು ತಪ್ಪುತ್ತದೆ. ಬೆಂಕಿಕಡ್ಡಿಯ ತುದಿಯಿಂದ ಒಂದೊಂದನ್ನೇ ಮುಟ್ಟುತ್ತ ಗಟ್ಟಿಯಾಗಿ ಎಣಿಸಿ, ಮೂರು ಸಲ ಎಣಿಸಿದಾಗಲೂ ಒಂದೇ ಸಂಖ್ಯೆ ಬಂದರೆ ಬರೆದಿಡಿ. ಮಲಬಾರ್ ಗುಳಿಮಂಡಲದಲ್ಲಿ ಇದು 19 ಅಥವಾ 21, ಹಂಪ್‌ನೋಸ್ಡ್‌ನಲ್ಲಿ 17. ಬಿದಿರು ಮಂಡಲದಲ್ಲೂ ಸಾಮಾನ್ಯವಾಗಿ 21 ಇರುವುದರಿಂದ ಈ ಒಂದೇ ಎಣಿಕೆ ಅವೆರಡನ್ನು ಬಿಡಿಸಿಕೊಡುವುದಿಲ್ಲ.

ಆಮೇಲೆ ಹೊಟ್ಟೆಯ ಪಟ್ಟಿಗಳು. ಕುತ್ತಿಗೆಯ ಕೆಳಗೆ, ಎರಡೂ ಬದಿಯಲ್ಲಿ ಬೆನ್ನಿನ ಮೊದಲ ಸಾಲಿನ ಹುರುಪೆಗಳನ್ನು ಮುಟ್ಟುವ ಮೊದಲ ಪಟ್ಟಿಯಿಂದ ಲೆಕ್ಕ ಶುರು ಮಾಡಿ ಗುದದ್ವಾರವನ್ನು ಮುಚ್ಚುವ ಪಟ್ಟಿಯ ಹಿಂದಿನದಕ್ಕೆ ನಿಲ್ಲಿಸಬೇಕು. ಈ ಕ್ರಮವನ್ನು ಹಾವುಗಳ ತಜ್ಞ ಡೌಲಿಂಗ್ 1951ರಲ್ಲಿ ಸೂಚಿಸಿದ ಮೇಲೆ ಪ್ರಪಂಚದಾದ್ಯಂತ ಎಣಿಕೆಗಳನ್ನು ಹೋಲಿಸುವುದು ಸಾಧ್ಯವಾಯಿತು. ಮಲಬಾರಿನಲ್ಲಿ ಇವು ಸುಮಾರು 136ರಿಂದ 159. ಗುದದ ಪಟ್ಟಿ ಒಂದೇ ತುಂಡಾಗಿರುತ್ತದೆ; ಬೆಕ್ಕುಗಣ್ಣಿನ ಹಾವಿನಲ್ಲೂ ಹಾಗೆಯೇ ಇರುವುದರಿಂದ ಅದೊಂದನ್ನೇ ಸಾಕ್ಷ್ಯವಾಗಿ ಹಿಡಿಯಬಾರದು. ಬಾಲದ ಕೆಳಗಿನ ಹುರುಪೆಗಳು ಜೋಡಿಜೋಡಿಯಾಗಿದ್ದು, ಸುಮಾರು 44ರಿಂದ 63 ಜೋಡಿ ಸಿಗುತ್ತವೆ. ಬಾಲದ ತುದಿ ಹರಿದುಹೋದ ಪೊರೆಯಾದರೆ ಈ ಎಣಿಕೆಯನ್ನು ಬಿಟ್ಟುಬಿಡಿ.

ಪೊರೆಯ ತಲೆಭಾಗ ಹರಿಯದೆ ಸಿಕ್ಕಿದ್ದರೆ ಮೇಲ್ದುಟಿಯ ಮೊದಲ ಹುರುಪೆಯನ್ನು ನೋಡಿ. ಮಲಬಾರಿನಲ್ಲಿ ಅದಕ್ಕೂ ಮೂಗಿನ ಹುರುಪೆಗೂ ನಡುವೆ ಸ್ಪಷ್ಟವಾದ ಗೆರೆಯಿದ್ದು ಎರಡೂ ಬೇರೆಯಾಗಿರುತ್ತವೆ. ಈಶಾನ್ಯ ಭಾರತದ ಬಿಳಿದುಟಿಯ ಹಸಿರು ಗುಳಿಮಂಡಲಗಳಲ್ಲಿ ಇವೆರಡೂ ಅರ್ಧವಾದರೂ ಬೆಸೆದುಕೊಂಡಿರುತ್ತವೆ. ಕೂದಲೆಳೆಯಷ್ಟು ಸಣ್ಣದಾದ ಈ ಗೆರೆಯನ್ನು ಗಮನಿಸದೆ ಏಷ್ಯಾದ ಎಷ್ಟೋ ಹಸಿರು ಗುಳಿಮಂಡಲಗಳನ್ನು ಬಹುಕಾಲ ಬಿದಿರು ಮಂಡಲದ ಒಂದೇ ಹೆಸರಿನಡಿ ತುಂಬಲಾಗಿತ್ತು. 1933ರಲ್ಲಿ ಹಾವುಗಳ ಅಧ್ಯಯನಕಾರರಾದ ಪೋಪ್ ದಂಪತಿಯ ಅಧ್ಯಯನ ಆ ಗಂಟನ್ನು ಬಿಡಿಸತೊಡಗಿತು.

ಹಂತ 6: ವರ್ಗೀಕರಣದಲ್ಲಿ ಸ್ಥಾನ ಮತ್ತು ಹೆಸರಿನ ಚರಿತ್ರೆ

ಗುರುತಿಸುವುದೆಂದರೆ ಇದು ಯಾವುದು ಎಂದು ಹೇಳುವುದು. ವರ್ಗೀಕರಿಸುವುದೆಂದರೆ ಇದರ ಬಂಧುಬಳಗ ಯಾರು ಎಂದು ಹೇಳುವುದು. ಸರೀಸೃಪಗಳ ವರ್ಗ, ಹಲ್ಲಿ ಹಾವುಗಳೆರಡೂ ಸೇರಿದ ಸ್ಕ್ವಾಮೇಟಾ ಗಣ, ಹಾವುಗಳ ಉಪಗಣ ಸರ್ಪೆಂಟೀಸ್, ಮಂಡಲಗಳ ಕುಟುಂಬ ವೈಪರಿಡೆ, ಗುಳಿಮಂಡಲಗಳ ಉಪಕುಟುಂಬ ಕ್ರೊಟಾಲಿನೆ, ಕುಲ ಕ್ರಾಸ್ಪೆಡೊಸೆಫಾಲಸ್, ಪ್ರಭೇದ ಮಲಬಾರಿಕಸ್. ಹೀಗೆ ಮೇಲಿನಿಂದ ಕೆಳಕ್ಕೆ ಬರೆಯುವಾಗ ಪ್ರತಿ ಮೆಟ್ಟಿಲಿನ ಪಕ್ಕದಲ್ಲಿ ಅದಕ್ಕೆ ನೀವು ಕಂಡ ಸಾಕ್ಷ್ಯವನ್ನೂ ಬರೆಯಬೇಕು. ಕ್ರೊಟಾಲಿನೆ ಎಂದು ಬರೆದರೆ ಪಕ್ಕದಲ್ಲಿ "ಕಣ್ಣು ಮತ್ತು ಹೊಳ್ಳೆಯ ನಡುವೆ ಗುಳಿ ಇದೆ, ಫೋಟೊ 2" ಎಂದಿರಬೇಕು. ಸಾಕ್ಷ್ಯ ಎಲ್ಲಿ ನಿಲ್ಲುತ್ತದೆಯೋ ಹೆಸರೂ ಅಲ್ಲಿಯೇ ನಿಲ್ಲಬೇಕು.

ಈ ಹಾವನ್ನು ವಿಜ್ಞಾನಕ್ಕೆ ಮೊದಲು ವಿವರಿಸಿದವರು ತಾಮಸ್ ಜರ್ಡನ್, 1854ರಲ್ಲಿ. ಅವರು ಇಟ್ಟ ಕುಲದ ಹೆಸರು ಟ್ರೈಗೊನೊಸೆಫಾಲಸ್. ಮುಂದೆ ಅದು ಟ್ರೈಮೆರೆಸುರಸ್ ಕುಲಕ್ಕೆ ಬಂತು. ನಮ್ಮಲ್ಲಿನ ಹೆಚ್ಚಿನ ಪುಸ್ತಕಗಳಲ್ಲಿ ಇಂದಿಗೂ ಆ ಹೆಸರೇ ಇದೆ. 2004ರಲ್ಲಿ ಮಲ್ಹೋತ್ರಾ ಮತ್ತು ಥಾರ್ಪ್ ಅವರು ಡಿಎನ್‌ಎ ಆಧಾರದ ಮೇಲೆ ಆ ದೊಡ್ಡ ಕುಲವನ್ನು ಹಲವು ಕುಲಗಳಾಗಿ ಒಡೆದರು. 2021ರಲ್ಲಿ ಭಾರತದ ಸಂಶೋಧಕರೇ ಮುಂದಾಗಿದ್ದ ತಂಡವೊಂದು ಪರ್ಯಾಯದ್ವೀಪದ ಗುಳಿಮಂಡಲಗಳನ್ನು ಡಿಎನ್‌ಎ, ಹುರುಪೆ, ನೆಲೆ ಎಲ್ಲವನ್ನೂ ಒಟ್ಟಿಗೆ ಇಟ್ಟು ಪರಿಶೀಲಿಸಿ ಕ್ರಾಸ್ಪೆಡೊಸೆಫಾಲಸ್ ಕುಲದಲ್ಲಿ ಸೇರಿಸಿತು. ಅದೇ ಅಧ್ಯಯನದಲ್ಲಿ, ಅದುವರೆಗೆ ಮಲಬಾರಿಕಸ್ ಎಂದೇ ಕರೆಯುತ್ತಿದ್ದ ದಕ್ಷಿಣದ ಕೆಲವು ಹಾವುಗಳು ಬೇರೆ ಪ್ರಭೇದವೆಂದು ಕಂಡುಬಂದು, 1864ರ ಅನಮಲೆನ್ಸಿಸ್ ಎಂಬ ಹಳೆಯ ಹೆಸರಿಗೆ ಮರುಜೀವ ಬಂತು. ಬಿದಿರು ಮಂಡಲದ ಗುಂಪಿನಲ್ಲೂ ಆಕ್ಸಿಡೆಂಟಾಲಿಸ್ ಎಂಬ 1933ರ ಹೆಸರು ಮತ್ತೆ ಬಳಕೆಗೆ ಬಂತು. ಹಾವು ಸಿಕ್ಕ ಊರನ್ನು ಬರೆಯದ ಹಳೆಯ ದಾಖಲೆಗಳೆಲ್ಲ ಒಂದೇ ದಿನದಲ್ಲಿ ಬೆಲೆ ಕಳೆದುಕೊಂಡದ್ದು ಹೀಗೆ.

ವೈಜ್ಞಾನಿಕ ಹೆಸರಿನ ಮುಂದೆ ಜರ್ಡನ್, 1854 ಎಂಬುದನ್ನು ಕಂಸದೊಳಗೆ ಬರೆದಿರುತ್ತಾರೆ. ಅಲಂಕಾರಕ್ಕೆ ಹಾಕಿದ ಕಂಸವಲ್ಲ ಅದು. ಮೊದಲು ಹೆಸರಿಟ್ಟವರು ಬೇರೊಂದು ಕುಲದಲ್ಲಿ ಇಟ್ಟಿದ್ದರು, ಆಮೇಲೆ ಕುಲ ಬದಲಾಗಿದೆ ಎಂಬುದರ ಸೂಚನೆ.

ಹೆಸರು ಬದಲಾಗುವುದನ್ನು ಕಂಡು ಬೇಸರಪಡುವವರಿಗೆ ನಾನು ಕಾಳಿಂಗ ಸರ್ಪದ ಉದಾಹರಣೆ ಕೊಡುತ್ತೇನೆ. 1836ರಲ್ಲಿ ಕ್ಯಾಂಟರ್ ವಿವರಿಸಿದ ಒಂದೇ ಪ್ರಭೇದವೆಂದು ನಂಬಿದ್ದ ಈ ಹಾವಿನಲ್ಲಿ ಹಲವು ಬೇರೆ ವಂಶಗಳಿವೆಯೆಂದು 2021ರಲ್ಲಿ ಡಿಎನ್‌ಎ ತೋರಿಸಿತು. ಆದರೆ ಸಂಶೋಧಕರು ಕೂಡಲೇ ಹೊಸ ಹೆಸರು ಇಡಲಿಲ್ಲ. ವಸ್ತುಸಂಗ್ರಹಾಲಯಗಳಲ್ಲಿನ ಹಳೆಯ ಮಾದರಿಗಳನ್ನು ತೆಗೆದು, ಮೈ ಮೇಲಿನ ಪಟ್ಟಿಗಳನ್ನೂ ಹುರುಪೆಗಳನ್ನೂ ಹೋಲಿಸಿ, 2024ರಲ್ಲಿ ಪಿ. ಗೌರಿಶಂಕರ್, ಇಂದ್ರನೀಲ್ ದಾಸ್ ಮತ್ತು ವೂಲ್ಫ್‌ಗಾಂಗ್ ವುಸ್ಟರ್ ಅವರು ನಾಲ್ಕು ಪ್ರಭೇದಗಳನ್ನು ಗುರುತಿಸಿದರು. ಪಶ್ಚಿಮ ಘಟ್ಟದ ಪ್ರಭೇದಕ್ಕೆ ಅವರು ಇಟ್ಟ ಹೆಸರು ಒಫಿಯೊಫೇಗಸ್ ಕಾಳಿಂಗ. ಮಲೆನಾಡಿನ ಜನ ತಲೆಮಾರುಗಳಿಂದ ಕರೆಯುತ್ತ ಬಂದ ಹೆಸರೇ ಈಗ ಪ್ರಪಂಚದ ಜೀವಶಾಸ್ತ್ರಜ್ಞರೆಲ್ಲ ಬಳಸುವ ಹೆಸರು. ಅದನ್ನು ಮೊದಲ ಸಲ ಓದಿದ ದಿನ ನನಗಾದ ಸಂತೋಷವನ್ನು ಮುಚ್ಚಿಡಬೇಕಾಗಿಲ್ಲ.

ಹಂತ 7: ದಾಖಲೆ

ಟಿಪ್ಪಣಿ ಪುಸ್ತಕದ ಒಂದು ಪುಟ ಹೀಗಿದ್ದರೆ ಮುಂದೆ ಯಾರಿಗಾದರೂ ಉಪಯೋಗಕ್ಕೆ ಬರುತ್ತದೆ: ದಿನಾಂಕ, ರಾತ್ರಿ 8.40, ಮಳೆ ನಿಂತು ಅರ್ಧ ಗಂಟೆ, ಹಳ್ಳದ ನೀರಿನಿಂದ ಮೂರು ಹೆಜ್ಜೆ, ನೆಲದಿಂದ 90 ಸೆಂಟಿಮೀಟರ್ ಎತ್ತರದ ರೆಂಬೆ, ತಲೆ ನೀರಿನ ಕಡೆಗೆ, ಬಾಲ ರೆಂಬೆಗೆ ಸುತ್ತಿದೆ, ಗುಳಿ ಇದೆ, ನೆತ್ತಿಯಲ್ಲಿ ಚಿಕ್ಕ ಹುರುಪೆ, ಬೆನ್ನಿನಲ್ಲಿ ಅಂಕುಡೊಂಕು ಮಚ್ಚೆ, ಕಣ್ಣಿನ ಹಿಂದೆ ಗೆರೆ, ಬಣ್ಣ ಕಂದು. ಬಣ್ಣವನ್ನು ಕೊನೆಯಲ್ಲಿ ಬರೆಯುವುದನ್ನು ನಾನು ಬೇಕೆಂದೇ ರೂಢಿ ಮಾಡಿಕೊಂಡಿದ್ದೇನೆ. ಅದರ ಕೆಳಗೆ ಹೆಸರು, ಹೆಸರಿನ ಪಕ್ಕದಲ್ಲಿ ನಿಮಗೆಷ್ಟು ಖಚಿತ ಎಂಬ ಒಂದು ಮಾತು.

ಜೀವಿಗಳ ಫೋಟೊ ಹಾಕಿ ದಾಖಲಿಸುವ ಜಾಲತಾಣಗಳಾದ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೊಡೈವರ್ಸಿಟಿ ಪೋರ್ಟಲ್‌ನಲ್ಲಿ ಹಾಕಿದರೆ ಬಲ್ಲವರು ನೋಡಿ ತಿದ್ದುತ್ತಾರೆ. ಸಾರ್ವಜನಿಕವಾಗಿ ಹಾಕುವಾಗ ತಾಲ್ಲೂಕಿನ ಮಟ್ಟದವರೆಗಿನ ಸ್ಥಳ ಸಾಕು. ಹಳ್ಳದ ನಿಖರವಾದ ಜಾಗವನ್ನು ನಿಮ್ಮ ಪುಸ್ತಕದಲ್ಲಿ ಮಾತ್ರ ಇಟ್ಟುಕೊಳ್ಳಿ. ದಿನಗಟ್ಟಲೆ ಒಂದೇ ಕೊಂಬೆಯಲ್ಲಿ ಕೂರುವ ಹಾವಿನ ವಿಳಾಸ ಹತ್ತು ಜನರಿಗೆ ಗೊತ್ತಾದರೆ ಮರುದಿನವೇ ಹತ್ತು ಕ್ಯಾಮೆರಾಗಳು ಬರುತ್ತವೆ. ಹೆಸರನ್ನು ಯಾರಾದರೂ ತಿದ್ದಿದರೆ ಕಾರಣ ಕೇಳಿ, ಯಾವ ಹುರುಪೆ ಅಥವಾ ಯಾವ ಮಚ್ಚೆ ನೋಡಿ ಹೇಳಿದರೆಂದು ತಿಳಿದುಕೊಂಡು ಬರೆದಿಡಿ. ಪುಸ್ತಕದಲ್ಲಿ ಹಳೆಯ ಹೆಸರನ್ನು ಅಳಿಸದೆ ಅದರ ಮೇಲೆ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ ಹೊಸ ಹೆಸರನ್ನೂ ಬದಲಿಸಿದ ದಿನಾಂಕವನ್ನೂ ಬರೆಯಬೇಕು.